ನಡೆಯುವವರ ಲೆಕ್ಕ ಯಾರ ಬಳಿ ಇದೆ?

ಘಟ್ಟದ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾವಕ್ಕೆ ವಾಹನಗಳ ಎಣಿಕೆಯೇ ಮುಖ್ಯ ಆಧಾರ. ದಿನಕ್ಕೆ ಇಷ್ಟು ಕಾರು, ಇಷ್ಟು ಲಾರಿ ಎಂಬ ಅಂಕಿ ಮುಂದಿಟ್ಟರೆ ಮರಗಳ ಬುಡಕ್ಕೆ ಗುರುತು ಬೀಳುತ್ತದೆ. ಆದರೆ ಗುಡ್ಡ ಇಳಿದು, ಕಾಲುಸಂಕ ದಾಟಿ, ಬಸ್ಸಿಗಾಗಿ ಕಾಯುವ ವಿದ್ಯಾರ್ಥಿನಿ ರಸ್ತೆಬದಿಯ ಎಣಿಕೆಗೆ ಸಿಗುವುದಿಲ್ಲ. ಲೆಕ್ಕಕ್ಕೆ ಬಾರದವರಿಗೆ ಯೋಜನೆಯಲ್ಲಿ ಪಾಲು ದೊರೆಯುವುದಾದರೂ ಹೇಗೆ?

ಸರ್ಕಾರದ ಅಂಕಿಅಂಶಗಳಲ್ಲಿಯೂ ಇದೇ ಕೊರತೆ. ಕೆಲಸದ ಸ್ಥಳಕ್ಕಿರುವ ದೂರ ಮತ್ತು ಪ್ರಯಾಣದ ಸಾಧನವನ್ನು ಕುರಿತ 2011ರ ಜನಗಣತಿಯ ಕೋಷ್ಟಕಗಳು ‘ಇತರ ಕೆಲಸಗಾರ’ರಿಗೆ ಸೀಮಿತವಾಗಿದ್ದವು; ಸಾಗುವಳಿದಾರರೂ ಕೃಷಿ ಕೂಲಿಕಾರರೂ ಅವುಗಳಿಂದ ಹೊರಗುಳಿದರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಮಹಿಳೆಯರ ಬಸ್ ಪ್ರಯಾಣವನ್ನು ದಾಖಲಿಸುತ್ತದೆ. ಆದರೆ ಬಸ್ಸೇ ಬಾರದ ಊರಿನಲ್ಲಿ ಟಿಕೆಟ್ಟೂ ಹರಿಯುವುದಿಲ್ಲ, ಅಲ್ಲಿನ ಬೇಡಿಕೆಯೂ ಕಾಣುವುದಿಲ್ಲ.

ಈ ಕೊರತೆಯನ್ನು ಜನರೇ ತುಂಬಿಕೊಳ್ಳಬಹುದೆಂಬುದಕ್ಕೆ ಕೀನ್ಯಾದ ನೈರೋಬಿ ಒಳ್ಳೆಯ ನಿದರ್ಶನ. ಅಲ್ಲಿ ಬಹುಪಾಲು ಜನರು ಆಶ್ರಯಿಸಿರುವ ಖಾಸಗಿ ಮಿನಿಬಸ್ಸುಗಳಿಗೆ ‘ಮಟಾಟು’ ಎಂದು ಹೆಸರು. ಅವುಗಳ ಮಾರ್ಗಗಳಿಗೆ ಸಮಗ್ರ ನಕ್ಷೆಯೇ ಇರಲಿಲ್ಲ. 2012ರ ನಂತರ ನೈರೋಬಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಮಟಾಟುಗಳಲ್ಲಿ ಸಂಚರಿಸಿ, ನೂರಕ್ಕೂ ಹೆಚ್ಚು ಮಾರ್ಗಗಳನ್ನೂ ನಿಲ್ದಾಣಗಳನ್ನೂ ಗುರುತಿಸಿದರು. 2014ರಲ್ಲಿ ನಕ್ಷೆಯನ್ನೂ ಮಾಹಿತಿಯನ್ನೂ ಎಲ್ಲರ ಬಳಕೆಗೆ ಮುಕ್ತವಾಗಿ ಬಿಡಲಾಯಿತು.

ನಡಿಗೆಯೂ ಸೇರಿದಂತೆ ಒಬ್ಬ ವ್ಯಕ್ತಿಯ ದಿನದ ಸಂಚಾರವನ್ನು ಅರಿಯಲು ಬೇರೆ ಬಗೆಯ ತಂತ್ರಾಂಶಗಳಿವೆ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಇ-ಮಿಷನ್’ ಅಂಥದ್ದೊಂದು. ಅದು ಮುಂದೆ ಕೊಲೊರಾಡೊದ ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ ‘ಓಪನ್‌ಪಾತ್’ ಎಂಬ ಹೆಸರಿನಲ್ಲಿ ಬೆಳೆಯಿತು. ಮೊಬೈಲು ಚಲನೆಯನ್ನು ಗ್ರಹಿಸಿ ಪ್ರಯಾಣದ ದಿನಚರಿಯನ್ನು ಸಿದ್ಧಪಡಿಸುತ್ತದೆ. ಹೋದದ್ದು ಹೇಗೆ, ಯಾತಕ್ಕೆ ಎಂಬುದನ್ನು ಬಳಕೆದಾರರು ತಿದ್ದಿ ತಿಳಿಸುತ್ತಾರೆ. ಇದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ನಡೆಸುವ ಮೂಲ ಬರಹ, ಎಲ್ಲರಿಗೂ ತೆರೆದಿದೆ. ಲೆಕ್ಕ ಹಾಕುವ ಕ್ರಮವನ್ನು ಯಾರಾದರೂ ಪರೀಕ್ಷಿಸಬಹುದು, ಬದಲಿಸಬಹುದು, ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದು. ಕಂಪನಿಯೊಂದರ ಮುಚ್ಚಿದ ತಂತ್ರಾಂಶದಲ್ಲಿ ಈ ಅವಕಾಶವಿಲ್ಲ. ಅದು ಕೊಟ್ಟ ಅಂಕಿಯನ್ನು ಗ್ರಾಮಸಭೆ ಒಪ್ಪಬಹುದು ಇಲ್ಲವೇ ತಿರಸ್ಕರಿಸಬಹುದು, ಒಳಹೊಕ್ಕು ಪ್ರಶ್ನಿಸಲಾಗದು.

ಹಾಗೆಂದು ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಗದ್ದೆಯ ಒಂದೇ ಮೂಲೆಯ ಮಣ್ಣನ್ನು ಪರೀಕ್ಷಿಸಿ ಇಡೀ ಗದ್ದೆಗೆ ಗೊಬ್ಬರ ಹೇಳುವುದು ಎಷ್ಟು ತಪ್ಪೋ, ಸ್ಮಾರ್ಟ್‌ಫೋನ್ ಇದ್ದವರ ಪ್ರಯಾಣವನ್ನಷ್ಟೇ ಊರಿನ ಪ್ರಯಾಣವೆನ್ನುವುದೂ ಅಷ್ಟೇ ತಪ್ಪು. ವೃದ್ಧರು, ಕೂಲಿಯ ಹೆಂಗಸರು, ಮಕ್ಕಳು ಇವರ ಓಡಾಟವನ್ನು ಮನೆಮನೆಗೆ ಹೋಗಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ದಟ್ಟ ಕಾಡಿನಡಿ, ಕಡಿದಾದ ಕಣಿವೆಯಲ್ಲಿ ಜಿಪಿಎಸ್ ತಪ್ಪುವುದುಂಟು. ಹಾದಿ ಬಲ್ಲವರೇ ಅದನ್ನು ತಿದ್ದಬೇಕು. ಒಂಟಿ ಮನೆಗಳೇ ಹೆಚ್ಚಿರುವ ಮಲೆನಾಡಿನಲ್ಲಿ ಹೆಸರು ಅಳಿಸಿದರೂ ನಕ್ಷೆಯ ಮೇಲಿನ ಒಂದು ಚುಕ್ಕೆ ಮನೆಯವರನ್ನು ಗುರುತಿಸಿಕೊಡುತ್ತದೆ. ಆದ್ದರಿಂದ ಒಪ್ಪಿಗೆಯಿಲ್ಲದೆ ಯಾರ ಜಾಡನ್ನೂ ಸಂಗ್ರಹಿಸಬಾರದು. ಹೊರಗೆ ಕೊಡುವುದು ಊರಿನ ಒಟ್ಟು ಲೆಕ್ಕ ಮಾತ್ರವಾಗಿರಬೇಕು.

ಈ ಎಚ್ಚರದೊಡನೆ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಒಂದೊಂದು ಪಂಚಾಯಿತಿಯನ್ನು ಆಯ್ದುಕೊಳ್ಳಲಿ. ಮಳೆಗಾಲದಲ್ಲೊಂದು ವಾರ, ಬೇಸಗೆಯಲ್ಲೊಂದು ವಾರ ಎಣಿಸಲಿ. ಹಳ್ಳ ತುಂಬಿದಾಗ ದಾರಿಯೇ ಬದಲಾಗುವ ಸೀಮೆಯಿದು. ದೊರೆತ ಫಲಿತಾಂಶವನ್ನು ಗ್ರಾಮಸಭೆಯ ಮುಂದಿಟ್ಟರೆ, ಮರ ಕಡಿದು ರಸ್ತೆ ಅಗಲಿಸುವ ಬದಲು ಬೆಳಿಗ್ಗೆಯ ಒಂದು ಬಸ್ಸು, ಒಂದು ಗಟ್ಟಿ ಕಾಲುಸಂಕ ಸಾಕೆಂದು ಅಂಕಿ ಸಮೇತ ಕೇಳಲು ಊರಿಗೆ ಬಲ ಬರುತ್ತದೆ.