ವೆನಿಸ್ಸಿನಲ್ಲಿ ಬಾಡಿಗೆಯ ಮನೆ

ವೆನಿಸ್ ನಗರದಲ್ಲಿ ರಿಯಾಲ್ಟೋ ಸೇತುವೆಯ ಸಮೀಪ ಔಷಧದ ಅಂಗಡಿಯೊಂದುಂಟು. ಅದರ ಕಿಟಕಿಯಲ್ಲಿ ೨೦೦೮ರಲ್ಲಿ ಅಂಕಿಗಳು ಮಿನುಗುವ ಫಲಕವೊಂದನ್ನು ಇರಿಸಿದರು. ಅದು ಸಾರುವುದು ಔಷಧದ ಬೆಲೆಯನ್ನಲ್ಲ, ಹಳೆಯ ಊರಿನಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು. ೧೯೫೧ರಲ್ಲಿ ೧,೭೦,೦೦೦ವನ್ನು ಮೀರಿದ್ದ ಆ ಸಂಖ್ಯೆ ೨೦೨೨ರಲ್ಲಿ ೫೦,೦೦೦ಕ್ಕಿಂತ ಕೆಳಗಿಳಿಯಿತು.

೧೯೬೬ರ ನವೆಂಬರ್ ೪ರ ಮಹಾಪೂರವು ನೆಲದಂತಸ್ತಿನಲ್ಲಿದ್ದ ಅನೇಕರನ್ನು ಓಡಿಸಿದ್ದು ನಿಜ. ಆದರೆ ಮಹಡಿಯ ಮೇಲಿದ್ದವರನ್ನು ಈಚೆಗೆ ಹೊರದೂಡುತ್ತಿರುವುದು ನೀರಲ್ಲ, ಬಾಡಿಗೆ. ಇಟಲಿಯ ೧೯೯೮ರ ಶಾಸನದ ಸಾಧಾರಣ ಕರಾರಿನಂತೆ, ಸಂಸಾರವೊಂದಕ್ಕೆ ಮನೆ ಕೊಟ್ಟ ಒಡೆಯನು ನಾಲ್ಕು ವರ್ಷ ಬಿಡಿಸುವಂತಿಲ್ಲ. ಶಾಸನ ಒಪ್ಪುವ ಕಾರಣವಿಲ್ಲದಿದ್ದರೆ ಮತ್ತೆ ನಾಲ್ಕು ವರ್ಷ ಮುಂದುವರಿಸಬೇಕು. ಬಾಡಿಗೆದಾರನ ರಕ್ಷಣೆಗೆಂದೇ ಬಂದ ಕಟ್ಟಳೆಯಿದು. ಅದೇ ಮನೆಯ ಬೀಗದ ಕೈಯನ್ನು ಪ್ರವಾಸಿಯೊಬ್ಬನಿಗೆ ಮೂರು ರಾತ್ರಿಗೆಂದು ಕೊಟ್ಟರೆ ಆ ತೊಡಕಿಲ್ಲ, ಹಣವೂ ಹೆಚ್ಚು. ಹಳೆಯ ಗೋಡೆಗಳ ದುರಸ್ತಿಗೆ ಸುರಿಯಬೇಕಾದ ಹಣವನ್ನು ನೆನೆದರೆ ಒಡೆಯನೊಬ್ಬನನ್ನೇ ದೂರುವುದೂ ನ್ಯಾಯವೆನಿಸದು.

ಇತ್ತ, ಆ ಪ್ರವಾಸಿಗೆ ಹಾಸಿಗೆ ಹಾಸಿಕೊಡುವವಳಿಗೆ ಊರಿನಲ್ಲಿ ಕಾಲು ಚಾಚಲು ಎಡೆಯಿಲ್ಲ. ಆಕೆಯಂಥ ಎಷ್ಟೋ ಮಂದಿ ಬೆಳಗಾಗುತ್ತಲೇ ಎದುರುದಡದ ಮೆಸ್ತ್ರೆಯಿಂದ ಹಿನ್ನೀರಿನ ಮೇಲಣ ಉದ್ದನೆಯ ಸೇತುವೆಯನ್ನು ದಾಟಿ ಕೆಲಸಕ್ಕೆ ಬರುತ್ತಾರೆ, ಸಂಜೆ ಹಿಂದಿರುಗುತ್ತಾರೆ.

೨೦೨೪ರ ಏಪ್ರಿಲಿನಲ್ಲಿ ನಗರಸಭೆಯು, ಜನಸಂದಣಿಯ ಕೆಲವು ದಿನಗಳಲ್ಲಿ ಹಗಲು ಬಂದುಹೋಗುವ ಪ್ರವಾಸಿಗಳ ಮೇಲೆ ೫ ಯೂರೋಗಳ ಪ್ರವೇಶಶುಲ್ಕವನ್ನು ವಿಧಿಸತೊಡಗಿತು. ರಾತ್ರಿ ತಂಗುವವರಿಗೆ ಅದರಿಂದ ವಿನಾಯಿತಿಯುಂಟು. ಮನೆಗಳನ್ನು ನುಂಗಿದ ಆ ಬಾಡಿಗೆಯ ಕೋಣೆಗಳಿಗೆ ಶುಲ್ಕದ ಬಿಸಿ ತಟ್ಟಲೇ ಇಲ್ಲ.