ತೋರಿಸುತ್ತದೆ, ಸರಿ. ಎಳೆಯುತ್ತದೆಯೇ?

ಹೈದರಾಬಾದಿನ ಬಾಲಾನಗರದ ವರ್ಕ್‌ಶಾಪುಗಳಲ್ಲಿ ‘ಈ ಲೇತ್ ಸ್ಟೇನ್‌ಲೆಸ್ ಸ್ಟೀಲನ್ನು ಸಪೋರ್ಟ್ ಮಾಡುತ್ತದೆಯೇ’ ಎಂದು ಯಾರಾದರೂ ಕೇಳಿದರೆ ನಗು ಬರುತ್ತದೆ. ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಸಲಾಕೆಯ ವ್ಯಾಸ ಎಷ್ಟು, ಒಂದು ಸಲಕ್ಕೆ ಎಷ್ಟು ಆಳ ತೆಗೆಯಬೇಕು, ಸ್ಪಿಂಡಲ್ ಎಷ್ಟು ವೇಗದಲ್ಲಿ ತಿರುಗಬೇಕು, ಸಂಜೆಯೊಳಗೆ ಎಷ್ಟು ಪೀಸ್ ಬೇಕು. ಇಷ್ಟು ತಿಳಿದ ಮೇಲೆಯೇ ‘ಆಗುತ್ತೆ’ ಅಥವಾ ‘ಆಗಲ್ಲ’. 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಶುರುವಾದ ಊರು ಅದು. ಮೈಕ್ರಾನ್ ಲೆಕ್ಕದಲ್ಲಿ ಮಾತಾಡುವ ಜನ.

ಬೀದರ್ ಕಡೆಯಿಂದ ಬಂದು ಅಲ್ಲಿನ ಒಂದು ಸಿಎನ್‌ಸಿ ಶೆಡ್ಡಿನಲ್ಲಿ ಕೆಲಸ ಮಾಡುವ ಹುಡುಗನನ್ನು ಕಲ್ಪಿಸಿಕೊಳ್ಳಿ. ಇಡೀ ದಿನ ಅಳತೆಯಲ್ಲೇ ಬದುಕುವವನು. ರಾತ್ರಿ ರೂಮಿನಲ್ಲಿ ಗೇಮ್ ಆಡಲು ಕಂಪ್ಯೂಟರ್ ಒಂದನ್ನು ಜೋಡಿಸಿಕೊಂಡಿದ್ದಾನೆ: ಜಿಟಿಎಕ್ಸ್ 1650 ಕಾರ್ಡು, 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಈಗ 4ಕೆ ಮಾನಿಟರ್ ಬೇಕು. ಸಂಬಳದ ಮಾರನೆಯ ದಿನ ಸಿಕಂದರಾಬಾದಿನ ಪಾರ್ಕ್ ಲೇನ್‌ಗೆ ಹೋಗುತ್ತಾನೆ, ಬೆಂಗಳೂರಿನಲ್ಲಿದ್ದಿದ್ದರೆ ಎಸ್.ಪಿ. ರೋಡಿಗೆ ಹೋಗುತ್ತಿದ್ದ, ಏನೂ ವ್ಯತ್ಯಾಸವಿಲ್ಲ. ‘ಭಾಯ್, 1650 ಪೆ 4ಕೆ ಚಲ್ತಾ ಕ್ಯಾ?’ ಉತ್ತರ ಒಂದೇ ಪದ: ‘ಚಲ್ತಾ.’ ಕಂತು ಶುರುವಾಗುತ್ತದೆ.

ಆ ಒಂದು ಪದದ ಮೇಲೆಯೇ ಜಗಳ ತೆಗೆಯಬೇಕು. ದಖನಿಯಲ್ಲಿ ‘ಚಲ್ತಾ’, ತೆಲುಗಿನಲ್ಲಿ ‘ನಡುಸ್ತುಂದಿ’, ಬೀದರಿನ ಕನ್ನಡದಲ್ಲಿ ‘ನಡೀತದ’. ಮೂರೂ ನಡಿಗೆಯಿಂದ ಬಂದ ಮಾತುಗಳು. ಯಾವ ವೇಗದಲ್ಲಿ ನಡೆಯುತ್ತದೆ, ಎಷ್ಟು ಭಾರ ಹೊತ್ತು ನಡೆಯುತ್ತದೆ ಎಂಬುದನ್ನು ಮೂರೂ ಹೇಳುವುದಿಲ್ಲ. ಡಬ್ಬಿಯ ಮೇಲಿನ ‘ಸಪೋರ್ಟ್’ ಅದಕ್ಕಿಂತ ಜಾಣ ಪದ. ಆನ್‌ಲೈನ್ ಅಂಗಡಿಗಳ ಕನ್ನಡದಲ್ಲಿ ಅದು ‘4ಕೆ ಅನ್ನು ಬೆಂಬಲಿಸುತ್ತದೆ’ ಎಂದಾಗುತ್ತದೆ, ಕಾರ್ಡು ಯಾವುದೋ ಪಕ್ಷದ ಪರ ಮತ ಹಾಕಿದಂತೆ. ಕನ್ನಡಕ್ಕೆ ಈ ಗೊಂದಲ ಬೇಕಾಗಿಯೇ ಇರಲಿಲ್ಲ. ಲಾರಿ ಕೊಳ್ಳುವವನು ‘ಘಾಟಿಯಲ್ಲಿ ಎಳೆಯುತ್ತಾ?’ ಎಂದು ಕೇಳುತ್ತಾನೆ. ಎತ್ತು ಕೊಳ್ಳುವವನೂ ಅದನ್ನೇ ಕೇಳುತ್ತಿದ್ದ. ಕಾರ್ಡು 4ಕೆ ಚಿತ್ರವನ್ನು ಪರದೆಗೆ ಕಳಿಸಬಲ್ಲುದೇ ಎಂಬುದು ‘ತೋರಿಸುವ’ ಮಾತು. ಆಟದ ಪ್ರತಿ ಚಿತ್ರವನ್ನೂ 4ಕೆ ಗಾತ್ರದಲ್ಲಿ, ಕಣ್ಣಿಗೆ ಹಿತವಾಗುವ ವೇಗದಲ್ಲಿ ಬರೆಯಬಲ್ಲುದೇ ಎಂಬುದು ‘ಎಳೆಯುವ’ ಮಾತು. ಹುಡುಗ ಕೇಳಿದ್ದು ಎರಡನೆಯದನ್ನು. ಸಿಕ್ಕಿದ್ದು ಮೊದಲನೆಯದರ ಉತ್ತರ.

ಇದನ್ನು ಅಂಗಡಿಯವನ ತಲೆಗಷ್ಟೇ ಕಟ್ಟುವುದು ಅನ್ಯಾಯ. 2019ರಲ್ಲಿ ಬಂದ ಈ 1650 ಕಾರ್ಡಿನ ಅಧಿಕೃತ ವಿವರಪಟ್ಟಿಯಲ್ಲಿ ‘ಗರಿಷ್ಠ ರೆಸಲ್ಯೂಷನ್’ ಎಂಬ ಸಾಲಿನ ಎದುರು 7680×4320 ಎಂದಿದೆ. ಅಂದರೆ 8ಕೆ, ಫುಲ್ ಎಚ್‌ಡಿಯ ಹದಿನಾರು ಪಟ್ಟು. ಹೊಸ ಭಾರದ ಆಟಗಳನ್ನು ಫುಲ್ ಎಚ್‌ಡಿಯಲ್ಲೇ ಸೆಟ್ಟಿಂಗ್ ತಗ್ಗಿಸಿ ಆಡಬೇಕಾದ 4 ಜಿಬಿ ಕಾರ್ಡಿಗೆ! ಅದು ಸುಳ್ಳಲ್ಲ, ಆ ಗಾತ್ರದ ಡೆಸ್ಕ್‌ಟಾಪನ್ನು ಅದು ತೋರಿಸಬಲ್ಲುದು. ಆದರೆ ಗೇಮಿಂಗ್ ಕಾರ್ಡು ಎಂದು ಮಾರುವ ವಸ್ತುವಿನ ಪಟ್ಟಿಯಲ್ಲಿ, ಆಟಕ್ಕೆ ಸಂಬಂಧವೇ ಇಲ್ಲದ ಆ ಸಂಖ್ಯೆಯನ್ನು ಯಾವ ವಿವರಣೆಯೂ ಇಲ್ಲದೆ ಹಾಕುವುದಕ್ಕೆ ಏನೆನ್ನಬೇಕು?

ಲೆಕ್ಕ ಕಷ್ಟದ್ದಲ್ಲ. ಫುಲ್ ಎಚ್‌ಡಿಯಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 2560×1440ರಲ್ಲಿ ಸುಮಾರು 36.9 ಲಕ್ಷ, 1.78 ಪಟ್ಟು. 3840×2160ರಲ್ಲಿ ಸುಮಾರು 82.9 ಲಕ್ಷ, ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿ ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್, ಮಾನಿಟರ್ ದೊಡ್ಡದಾಯಿತೆಂದು ಆ ಅವಧಿ ಹಿಗ್ಗುವುದಿಲ್ಲ. ಕಾರ್ಡು ಈಗಾಗಲೇ ಪೂರ್ತಿ ದುಡಿಯುತ್ತಾ 70 ಚಿತ್ರ ಕೊಡುತ್ತಿದ್ದರೆ, ಪಿಕ್ಸೆಲ್ ಲೆಕ್ಕದಂತೆ 1440ರಲ್ಲಿ ಅದು 39ಕ್ಕೆ, 4ಕೆಯಲ್ಲಿ 17–18ಕ್ಕೆ ಇಳಿಯುತ್ತದೆ. ಎಲ್ಲ ಕೆಲಸವೂ ಪಿಕ್ಸೆಲ್ಲಿನ ಜೊತೆ ಬೆಳೆಯದ ಕಾರಣ ನಿಜವಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ.

ಮೆಮೊರಿ ಸಾಲದೆ ಹೋದರೆ ಮಾತ್ರ ಇದಕ್ಕಿಂತ ಕೆಳಗೂ ಬೀಳುತ್ತದೆ. 1650ರ ಮೊದಲ ಆವೃತ್ತಿ ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 128 ಜಿಬಿ ವೇಗದಲ್ಲಿ ಓದುತ್ತದೆ. ಆ 4 ಜಿಬಿ ತುಂಬಿದ ಮೇಲೆ ಉಳಿದದ್ದನ್ನು ಮದರ್‌ಬೋರ್ಡಿನ ಆಚೆಗಿನ ರ‍್ಯಾಮ್‌ನಿಂದ ತರಬೇಕು, ಆ ದಾರಿಯ ಅಗಲ ಸುಮಾರು 16 ಜಿಬಿ. ಎಂಟರಲ್ಲಿ ಒಂದು ಪಾಲು. ಸರಾಸರಿ 25 ಚಿತ್ರ ಎಂದು ತೋರಿಸುತ್ತಿದ್ದರೂ ಆಟ ನಡುನಡುವೆ ಗಕ್ಕನೆ ನಿಲ್ಲುವುದು ಇದರಿಂದಲೇ.

ತಮಾಷೆಯೆಂದರೆ, ರೆಸಲ್ಯೂಷನ್ ಎಂಬ ಪದವನ್ನು ದೇಶದಲ್ಲೇ ಅತಿ ಎಚ್ಚರದಿಂದ ಬಳಸುವ ಕಚೇರಿಗಳಲ್ಲಿ ಒಂದು ಇದೇ ಬಾಲಾನಗರದಲ್ಲಿದೆ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಎನ್‌ಆರ್‌ಎಸ್‌ಸಿ. ಉಪಗ್ರಹಗಳ ಚಿತ್ರಗಳು ಶಾದ್‌ನಗರದ ಆಂಟೆನಾಗಳಿಗೆ ಇಳಿದು, ಈ ಸಂಸ್ಥೆಯ ಮೂಲಕ ದೇಶಕ್ಕೆ ಹಂಚಿಕೆಯಾಗುತ್ತವೆ. ಆ ವಿದ್ಯೆಯಲ್ಲಿ ರೆಸಲ್ಯೂಷನ್ ಒಂದಲ್ಲ, ನಾಲ್ಕು: ನೆಲದ ಮೇಲೆ ಪಿಕ್ಸೆಲ್ ಎಷ್ಟು ಅಗಲ, ಎಷ್ಟು ಬಣ್ಣಪಟ್ಟಿಗಳು, ಬೆಳಕಿನ ಎಷ್ಟು ಹಂತಗಳು, ಮತ್ತು ಅದೇ ಜಾಗವನ್ನು ಎಷ್ಟು ದಿನಕ್ಕೊಮ್ಮೆ ನೋಡಲಾಗುತ್ತದೆ. 2011ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್-2ನ್ನೇ ನೋಡಿ. ಅದರ ಆವಿಫ್ಸ್ ಕ್ಯಾಮೆರಾದ ಪಿಕ್ಸೆಲ್ 56 ಮೀಟರ್, ಒರಟು. ಆದರೆ ಒಮ್ಮೆಗೆ 740 ಕಿಲೋಮೀಟರ್ ಅಗಲದ ಪಟ್ಟಿ ನೋಡುತ್ತದೆ, ಐದು ದಿನಕ್ಕೊಮ್ಮೆ ಮರಳಿ ಬರುತ್ತದೆ. ಲಿಸ್-3ರ ಪಿಕ್ಸೆಲ್ 23.5 ಮೀಟರ್, ಪಟ್ಟಿ 141 ಕಿಲೋಮೀಟರಿಗೆ ಕುಗ್ಗುತ್ತದೆ, ಅದೇ ಜಾಗಕ್ಕೆ ಬರಲು 24 ದಿನ. ಇಡೀ ರಾಜ್ಯದ ಬೆಳೆ ವಾರವಾರ ಹೇಗೆ ಬದಲಾಗುತ್ತಿದೆ ಎಂದು ನೋಡಬೇಕಾದವರಿಗೆ 56 ಮೀಟರಿನ ಚಿತ್ರವೇ ಬೇಕು. ‘ನಿಮಗೆ ಇನ್ನೂ ಸೂಕ್ಷ್ಮವಾದದ್ದು ಕೊಡುತ್ತೇವೆ’ ಎಂದರೆ ಅವರು ಬೇಡ ಎನ್ನುತ್ತಾರೆ, ಯಾಕೆಂದರೆ ಅದು ತಿಂಗಳಿಗೊಂದೇ ಸಲ ಸಿಗುತ್ತದೆ. ಸೂಕ್ಷ್ಮತೆ ಹೆಚ್ಚಿದಷ್ಟೂ ಬಿಟ್ಟುಕೊಡುವುದೂ ಹೆಚ್ಚು ಎಂಬುದನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ. ಎರಡೂ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಅಚ್ಚು ಹಾಕುತ್ತಾರೆ. ಮಾನಿಟರಿನ ಡಬ್ಬಿ ಅರ್ಧವನ್ನಷ್ಟೇ ಅಚ್ಚು ಹಾಕುತ್ತದೆ.

ಅಂಗಡಿಯವರ ಕಡೆಯಿಂದ ಒಂದು ವಾದವಿದೆ: ‘ಆಟ ನೂರಾರು, ಸೆಟ್ಟಿಂಗ್ ಸಾವಿರಾರು, ಯಾವುದಕ್ಕೆ ಎಷ್ಟು ಅಂತ ನಾವು ಹೇಗೆ ಹೇಳೋದು?’ ಹೇಳಲಾಗದಿದ್ದರೆ ‘ಚಲ್ತಾ’ ಎಂದೂ ಹೇಳಬಾರದು. ‘ಯಾವ ಗೇಮ್ ಆಡ್ತೀಯಪ್ಪಾ, ಈಗ ಎಷ್ಟು ಎಫ್‌ಪಿಎಸ್ ಬರ್ತಿದೆ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ಇನ್ನೊಂದು ವಾದ ಹೊಸದು: ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಬಂದಿವೆಯಲ್ಲ, ಅವೇ ನೋಡಿಕೊಳ್ಳುತ್ತವೆ. ಒಳ್ಳೆಯ ತಂತ್ರಗಳೇ. ಆದರೆ 4ಕೆ ‘ಪರ್ಫಾರ್ಮೆನ್ಸ್’ ಮೋಡಿನಲ್ಲಿ ಕಾರ್ಡು ಒಳಗೆ ಬರೆಯುವುದು 1920×1080 ಚಿತ್ರವನ್ನು. ಉಳಿದದ್ದು ಹಿಗ್ಗಿಸುವ ಜಾಣ್ಮೆ, ಆ ಹಿಗ್ಗಿಸುವುದಕ್ಕೂ ಸಮಯ ಬೇಕು. ಮೇಲಾಗಿ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಆಗಬೇಕು, 1650ರಲ್ಲಿ ಅದು ಇಲ್ಲವೇ ಇಲ್ಲ. ಎಫ್‌ಎಸ್‌ಆರ್ ಇದೆ, ಆಟ ಅದನ್ನು ಒಳಗೊಂಡಿದ್ದರೆ.

ಕಡೆಗೆ ಆಗುವುದೇನು? ಮಾನಿಟರ್ ಮನೆಗೆ ಬರುತ್ತದೆ, ಆಟ ತೆವಳುತ್ತದೆ. ಮರಳಿ ಹೋದರೆ ‘ಕಾರ್ಡ್ ಬದಲಿಸು’. ಕಾರ್ಡು ದೊಡ್ಡದಾದರೆ ‘ಈ ಎಸ್‌ಎಂಪಿಎಸ್ ಸಾಲಲ್ಲ’. ಜೊತೆಗೆ ‘4ಕೆಗೆ ಐ7 ಇರಬೇಕು’ ಎಂಬ ಸಲಹೆ ಬೇರೆ. ಇದಂತೂ ತಲೆಕೆಳಗು: ಪಿಕ್ಸೆಲ್ ಹೆಚ್ಚಿದಾಗ ಹೊರೆ ಬೀಳುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಮೇಲೆ, ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಒಂದು ಪದವನ್ನು ನಂಬಿದ್ದಕ್ಕೆ ಮೂರು ಬಿಲ್ಲು.

ಇಷ್ಟಕ್ಕೂ ಮಾನಿಟರ್ ಕೊಳ್ಳುವ ಮೊದಲೇ, ಒಂದು ಪೈಸೆ ಖರ್ಚಿಲ್ಲದೆ, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ ಎನ್ನುವುದು ಸಿಟ್ಟು ತರಿಸುವ ಸಂಗತಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 2014ರಿಂದಲೂ ಡಿಎಸ್‌ಆರ್ ಎಂಬ ಸೌಲಭ್ಯವಿದೆ. ಎಎಮ್‌ಡಿಯಲ್ಲಿ ಅದರ ಹೆಸರು ವರ್ಚುವಲ್ ಸೂಪರ್ ರೆಸಲ್ಯೂಷನ್. ಫುಲ್ ಎಚ್‌ಡಿ ಮಾನಿಟರಿನಲ್ಲಿ ಡಿಎಸ್‌ಆರ್ 4.00x ಆರಿಸಿದರೆ ಆಟದ ರೆಸಲ್ಯೂಷನ್ ಪಟ್ಟಿಯಲ್ಲಿ 3840×2160 ಕಾಣಿಸಿಕೊಳ್ಳುತ್ತದೆ, 1.78x ಆರಿಸಿದರೆ 2560×1440. ಕಾರ್ಡು ನಿಜವಾಗಿಯೂ ಅಷ್ಟು ಪಿಕ್ಸೆಲ್ ಬರೆಯುತ್ತದೆ, ಆಮೇಲೆ ಹಳೆಯ ಪರದೆಗೆ ಕುಗ್ಗಿಸುತ್ತದೆ. ಅಂದರೆ ನಾಳೆ ಪಡಬೇಕಾದ ಕಷ್ಟವನ್ನು ಇಂದೇ ಪಟ್ಟು ತೋರಿಸುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಈ ಆಯ್ಕೆ ಸಿಗುವುದಿಲ್ಲ. ಅಲ್ಲಿ ಆಟದೊಳಗಿನ ರೆಂಡರ್ ಸ್ಕೇಲನ್ನು ಏರಿಸಿ ನೋಡಬಹುದು.

ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡು ಮೂರು ಸಂಖ್ಯೆ ಗಮನಿಸಬೇಕು: ಎಫ್‌ಪಿಎಸ್, ಜಿಪಿಯು ಬಳಕೆ, ಮೆಮೊರಿ. ಫುಲ್ ಎಚ್‌ಡಿಯಲ್ಲೇ ಜಿಪಿಯು 98–99 ಶೇಕಡಾ ತೋರಿಸುತ್ತಿದ್ದರೆ ಉಳಿದ ಶಕ್ತಿ ಏನೂ ಇಲ್ಲ. 60ರಲ್ಲಿ ನಿಂತಿದ್ದರೆ ತಡೆಯುತ್ತಿರುವುದು ಪ್ರೊಸೆಸರೋ ಫ್ರೇಮ್ ಮಿತಿಯೋ ಇರಬೇಕು. ಅಂಥ ಕಡೆ 1440ಕ್ಕೆ ಏರಿದರೂ ಎಫ್‌ಪಿಎಸ್ ಅಷ್ಟಾಗಿ ಬೀಳದಿರಬಹುದು. ಹತ್ತು ನಿಮಿಷವಲ್ಲ, ಒಂದು ಗಂಟೆ ಆಡಬೇಕು, ಆಟದಲ್ಲಿ ಅತಿ ಗದ್ದಲದ ಜಾಗದಲ್ಲಿ. ಹೈದರಾಬಾದಿನ ಮೇ ತಿಂಗಳಾದರೆ ಇನ್ನೂ ಒಳ್ಳೆಯದು, ಶೀಟಿನ ಮಾಡಿನ ಕೆಳಗೆ ಕಾರ್ಡು ಕಾದಾಗ ವೇಗ ಎಷ್ಟು ತಗ್ಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಇದರರ್ಥ 4ಕೆ ಮಾನಿಟರ್ ದಂಡ ಎಂದಲ್ಲ. ಕನ್ನಡ ಓದುವವರಿಗೆ ಅದರಷ್ಟು ಸುಖ ಬೇರೆಯಿಲ್ಲ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ 92 ಪಿಕ್ಸೆಲ್. ಸಣ್ಣ ಅಕ್ಷರದಲ್ಲಿ ‘ಲಕ್ಷ್ಮಿ’ಯ ಒತ್ತುಗಳು ಕಲಸಿ ಮುದ್ದೆಯಾಗುತ್ತವೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163, ಒತ್ತಿನ ಕೆಳಗಿನ ಒತ್ತೂ ಬಿಡಿಬಿಡಿಯಾಗಿ ಕಾಣುತ್ತದೆ. ಓದು, ಸಿನಿಮಾ, ಡ್ರಾಯಿಂಗ್ ಕೆಲಸ ಇವಕ್ಕೆಲ್ಲ 1650 ಧಾರಾಳವಾಗಿ ಸಾಕು. ಕೇಬಲ್ ಮಾತ್ರ ಕಾರ್ಡಿಗೇ ಚುಚ್ಚಬೇಕು, ಹಳೆಯ ಎಚ್‌ಡಿಎಂಐ 1.4ರ ಪೋರ್ಟಾದರೆ 4ಕೆಯಲ್ಲಿ 30 ಹರ್ಟ್ಸ್ ದಾಟುವುದಿಲ್ಲ. ಆಡುವಾಗ ಆಟವನ್ನು 1080ಕ್ಕೆ ಇಳಿಸಿಕೊಂಡರೂ ಆಯಿತು: 4ಕೆ ಪರದೆಯಲ್ಲಿ ಅದರ ಒಂದು ಪಿಕ್ಸೆಲ್ ಸರಿಯಾಗಿ ಎರಡಕ್ಕೆರಡರ ಚೌಕವಾಗಿ ಕೂರಬಲ್ಲುದು. 1440ರ ಪರದೆಯಲ್ಲಿ ಅದೇ 1080 ಒಂದೂಕಾಲಿಗಿಂತ ಹೆಚ್ಚು, ಒಂದೂವರೆಗಿಂತ ಕಡಿಮೆ, ಮಸುಕು ತಪ್ಪದು. ಹೀಗೆ ತಿಳಿದು ಕೊಂಡವನಿಗೆ ಮೋಸವಾಗಿಲ್ಲ.

ಬಾಲಾನಗರದ ಆ ಹುಡುಗ ತನ್ನ ಶೆಡ್ಡಿಗೆ ಬರುವ ಡ್ರಾಯಿಂಗಿನಲ್ಲಿ ಟಾಲರೆನ್ಸ್ ಬರೆದಿರದಿದ್ದರೆ ಕೆಲಸ ಹಿಡಿಯುವುದಿಲ್ಲ, ವಾಪಸು ಕಳಿಸುತ್ತಾನೆ. ಪಾರ್ಕ್ ಲೇನ್‌ನಲ್ಲೂ ಅವನು ಅದನ್ನೇ ಮಾಡಲಿ: ಡಿಎಸ್‌ಆರ್‌ನಲ್ಲಿ ಬಂದ ಮೂರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೌಂಟರಿನ ಮೇಲಿಟ್ಟು, ‘ಚಲ್ತಾ’ ಅಂದವನಿಗೆ ‘ಕಿತ್ನಾ?’ ಎಂದು ಕೇಳಲಿ.