ಮೀಸಲು ಕ್ಷೇತ್ರದ ಮರುಆಯ್ಕೆ ಮತ್ತು ಲೈನ್ ಮನೆಗಳ ಮತ

ಅವಧಿ ಮುಗಿಸಿದ ಶಾಸಕರು ದಲಿತರ, ಆದಿವಾಸಿಗಳ, ಭೂಮಿಯಿಲ್ಲದ ಕೂಲಿಕಾರರ ಪರವಾಗಿ ದುಡಿದೆವೆಂದು ಹೇಳಿ ಮತ್ತೆ ಮತ ಕೇಳಲು ಬಂದಾಗ ಆ ಮಾತನ್ನು ಹೇಗೆ ತೂಗಬೇಕೆಂಬ ಪ್ರಶ್ನೆ, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು ತೊಡಕಿನದು. ಅದನ್ನು ಬರೀ ಓಟಿನ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ದುರ್ಬಲರ ಹೆಸರಿನಲ್ಲಿ ಮತ ಕೇಳುವುದೇ ತಪ್ಪೆಂದಾದರೆ ಅವರ ಬದುಕು ಚುನಾವಣೆಯ ಚರ್ಚೆಯಿಂದಲೇ ಹೊರಗುಳಿಯುತ್ತದೆ, ಚರ್ಚೆಗೇ ಬಾರದವರಿಗೆ ವಿಧಾನಸಭೆಯಲ್ಲಿ ದಕ್ಕುವುದು ಬಹಳ ಕಡಿಮೆ. ಹೀಗಾಗಿ ಅಭ್ಯರ್ಥಿಯ ಮನಸ್ಸಿನ ಶುದ್ಧಿಯನ್ನು ಅಳೆಯುವ ಗೊಡವೆಗೆ ಹೋಗದೆ, ಆ ಅವಧಿಯಲ್ಲಿ ಬಡವರಿಗೆ ಶಾಸಕರ ಹಂಗು ಎಷ್ಟು ತಗ್ಗಿತು ಎಂದು ಕೇಳುವುದೇ ಸರಿಯಾದ ಪರೀಕ್ಷೆ.

ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ, ಕಳಸವೂ ಅದರೊಳಗೇ ಬರುತ್ತದೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಮಾತ್ರ ಪರಿಶಿಷ್ಟ ಜಾತಿಯವರಾಗಿರಬೇಕು. ಮತ ಹಾಕುವವರು ಎಲ್ಲ ಜಾತಿಯವರು. ದಲಿತ ಪ್ರತಿನಿಧಿಯನ್ನು ದಲಿತರೇ ಆರಿಸುವ ಪ್ರತ್ಯೇಕ ಮತಕ್ಷೇತ್ರವನ್ನು ಬಯಸಿದ್ದ ಅಂಬೇಡ್ಕರ್, 1932ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿಯ ಉಪವಾಸದ ಒತ್ತಡದ ನಡುವೆ ಪುಣೆ ಒಪ್ಪಂದಕ್ಕೆ ಸಹಿ ಹಾಕಿ ಜಂಟಿ ಮತಕ್ಷೇತ್ರವನ್ನು ಒಪ್ಪಿಕೊಂಡರು. ಇಂತಹ ಪ್ರತಿನಿಧಿ ತನ್ನ ಜನಕ್ಕಿಂತ ಬಹುಸಂಖ್ಯಾತರಿಗೆ ಹೆಚ್ಚು ಬದ್ಧನಾಗುತ್ತಾನೆಂಬ ಅವರ ಆತಂಕ ನಂತರದ ಬರಹಗಳಲ್ಲೂ ಉಳಿಯಿತು. ಕಾಫಿ ಸೀಮೆಯಲ್ಲಿ ಆ ಆತಂಕಕ್ಕೆ ಭೂಮಿಯ ರೂಪವಿದೆ. ಲೈನ್ ಮನೆಯ, ಅಂದರೆ ಕಾರ್ಮಿಕರಿಗಾಗಿ ತೋಟದೊಳಗೆ ಸಾಲಾಗಿ ಕಟ್ಟಿದ ಮನೆಯ, ಕೂಲಿಯವರನ್ನೂ ಅದೇ ತೋಟದ ಮಾಲೀಕರನ್ನೂ ಒಬ್ಬರೇ ಅಭ್ಯರ್ಥಿ ಕಾಣಬೇಕು. ಬೆಳೆಗಾರರಲ್ಲಿ ಹೆಚ್ಚಿನವರು ಕೆಲವೇ ಎಕರೆಯ ಸಣ್ಣ ಹಿಡುವಳಿದಾರರು, ಕಾಡಾನೆಯ ಹಾವಳಿ ಮತ್ತು ಬೆಲೆಯ ಏರಿಳಿತದಿಂದ ಅವರೂ ನೊಂದವರು ಎಂಬುದನ್ನು ಮರೆಯಬಾರದು. ಆದರೂ ಭೂಮಿ ಯಾರಿಗೆ ಸೇರಬೇಕೆಂಬ ಪ್ರಶ್ನೆ ಎದ್ದಾಗ ಈ ಎರಡು ಗುಂಪುಗಳ ಹಿತ ಒಂದೇ ಆಗುವುದಿಲ್ಲ.

ಭೂಸುಧಾರಣೆಯ ಇತಿಹಾಸ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ದೇವರಾಜ ಅರಸರ ಸರ್ಕಾರ 1974ರಲ್ಲಿ ಜಾರಿಗೆ ತಂದ ತಿದ್ದುಪಡಿ ಗೇಣಿದಾರರಿಗೆ ಒಡೆತನದ ಹಕ್ಕು ಕೊಟ್ಟಿತು. ಆದರೆ ಭೂಮಿತಿಯ ನಿಯಮದಿಂದ ಕಾಫಿ, ಏಲಕ್ಕಿಯಂತಹ ತೋಟಗಳಿಗೆ ವಿನಾಯಿತಿ ಇತ್ತು, ಮೇಲಾಗಿ ತೋಟದ ಕಾರ್ಮಿಕರು ಗೇಣಿದಾರರಾಗಿರದೆ ಕೂಲಿಯವರಾಗಿದ್ದುದರಿಂದ ಅರ್ಜಿ ಹಾಕಲು ಅವರ ಬಳಿ ಗೇಣಿಯೇ ಇರಲಿಲ್ಲ. ಗದ್ದೆಯಲ್ಲಿ ಉಳುವವನನ್ನು ಒಡೆಯನನ್ನಾಗಿಸಿದ ಕಾನೂನು ಪಕ್ಕದ ತೋಟದ ಬೇಲಿಯ ಹೊರಗೇ ನಿಂತಿತು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ, ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಿಂದ 1978ರ ನವೆಂಬರ್‌ನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಸಂಸತ್ತಿಗೆ ಮರಳಿದಾಗ, ಬಡವರು ಮತ್ತು ಹಿಂದುಳಿದವರು ಅವರನ್ನು ಕೈಹಿಡಿದರೆಂದು ಹೇಳಲಾಯಿತು. ಆದರೆ ಡಿಸೆಂಬರ್‌ನಲ್ಲೇ ಲೋಕಸಭೆ ಅವರ ಸದಸ್ಯತ್ವವನ್ನು ರದ್ದು ಮಾಡಿತು, 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ನಿಂದ ಗೆದ್ದರು. ತೋಟಗಳಿಗಿದ್ದ ವಿನಾಯಿತಿ ಮಾತ್ರ ಇದ್ದಲ್ಲೇ ಇತ್ತು. ಮತ ಕೊಟ್ಟವರಿಗೆ ಆ ಗೆಲುವಿನಿಂದ ಸಿಕ್ಕಿದ್ದು ಹೆಮ್ಮೆ. ಅದು ಸಣ್ಣದಲ್ಲ, ಆದರೆ ಅದರಿಂದ ಲೈನ್ ಮನೆಯ ಬಾಗಿಲು ಕೂಲಿಯವರ ಸ್ವಂತದ್ದಾಗಲಿಲ್ಲ.

1978ರಲ್ಲೇ ಮೂಡಿಗೆರೆಯಿಂದ ಮೊದಲ ಬಾರಿಗೆ ವಿಧಾನಸಭೆಗೆ ಹೋದ ಮೋಟಮ್ಮನವರ ರಾಜಕೀಯ ಬದುಕು ಈ ಚರ್ಚೆಗೆ ಹೆಚ್ಚು ಬೆಳಕು ಕೊಡುತ್ತದೆ. 1989 ಮತ್ತು 1999ರಲ್ಲಿ ಮತ್ತೆ ಗೆದ್ದ ಅವರು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಾಗಿದ್ದಾಗ, 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾಯಿತು. ಬಡತನದ ರೇಖೆಗಿಂತ ಕೆಳಗಿನ, ಪರಿಶಿಷ್ಟ ಜಾತಿ ಮತ್ತು ಪಂಗಡದ, ಕೂಲಿ ಮಾಡುವ ಮಹಿಳೆಯರು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಗುಂಪು ಕಟ್ಟಿ, ವಾರವಾರ ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಪಡೆಯುವ ವ್ಯವಸ್ಥೆ ಅದು. ಸಚಿವೆ ಬದಲಾದರೂ, ಸರ್ಕಾರಗಳು ಬದಲಾದರೂ ಗುಂಪುಗಳು ಉಳಿದವು. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುವ ಹೆಂಗಸಿಗೆ ಶಾಸಕರ ಚೀಟಿ ಬೇಕಾಗಲಿಲ್ಲ. ಈ ನೆಲೆಯಿಂದ ನೋಡಿದರೆ ಇದು ದೊಡ್ಡ ಕೆಲಸ. ಹಾಗಿದ್ದೂ ಮೋಟಮ್ಮ 2013ರಲ್ಲಿ ಬಿ.ಬಿ. ನಿಂಗಯ್ಯನವರೆದುರು, 2018ರಲ್ಲಿ ಎಂ.ಪಿ. ಕುಮಾರಸ್ವಾಮಿಯವರೆದುರು ಸೋತರು. ತನ್ನ ಹಂಗಿನಿಂದ ಜನರನ್ನು ಬಿಡಿಸುವ ಕೆಲಸಕ್ಕೆ ಮತದ ರೂಪದಲ್ಲಿ ಪ್ರತಿಫಲ ಸಿಗುವ ಖಾತ್ರಿಯಿಲ್ಲ, ಯಾಕೆಂದರೆ ಹಕ್ಕಾಗಿ ದೊರೆತದ್ದಕ್ಕೆ ಯಾರೂ ಋಣಿಯಾಗಿರಬೇಕಿಲ್ಲ. ಜನಪರ ಶಾಸಕರು ಈ ನಷ್ಟವನ್ನು ತಿಳಿದೇ ಒಪ್ಪಿಕೊಳ್ಳಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಸೆಳೆತವನ್ನು ಬಗರ್ ಹುಕುಂ ಸಮಿತಿಯಲ್ಲಿ ಕಾಣಬಹುದು. ಬಗರ್ ಹುಕುಂ ಎಂದರೆ ಸರ್ಕಾರಿ ಜಮೀನನ್ನು ಮಂಜೂರಾತಿಯಿಲ್ಲದೆ ಸಾಗುವಳಿ ಮಾಡುತ್ತ ಬಂದಿರುವುದು. ನಮೂನೆ 50, 53, 57ರಲ್ಲಿ ಬಂದ ಅರ್ಜಿಗಳನ್ನು ಪರಿಶೀಲಿಸಿ ಸಕ್ರಮಕ್ಕೆ ತೀರ್ಮಾನಿಸುವ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಸಾಗುವಳಿ ಚೀಟಿ ಕೈಗೆ ಬಂದ ಕುಟುಂಬ ಸ್ವತಂತ್ರವಾಗುತ್ತದೆ, ಕಡತ ಮೇಜಿನ ಮೇಲೇ ಉಳಿದ ಕುಟುಂಬ ಮುಂದಿನ ಚುನಾವಣೆಯವರೆಗೂ ಆಸೆಯಿಂದ ಕಾಯುತ್ತದೆ. ಕಾಯಿಸುವುದರಲ್ಲೇ ರಾಜಕೀಯ ಲಾಭವಿರುವಾಗ, ವಿಲೇವಾರಿಯಾದ ಅರ್ಜಿಗಳೆಷ್ಟು, ಅವುಗಳಲ್ಲಿ ಭೂರಹಿತರದೆಷ್ಟು ಎಂಬ ಪಟ್ಟಿಯನ್ನು ಮರುಆಯ್ಕೆ ಕೇಳುವ ಶಾಸಕರು ಊರೂರಿನಲ್ಲಿ ಓದಿ ಹೇಳಬೇಕೆಂದು ಅಪೇಕ್ಷಿಸುವುದು ಅತಿಯೇನಲ್ಲ. ಒತ್ತುವರಿ ಮಾಡಿದ ಕಂದಾಯ ಭೂಮಿಯನ್ನು 25 ಎಕರೆಯವರೆಗೆ 30 ವರ್ಷ ಗುತ್ತಿಗೆಗೆ ಪಡೆಯಲು ತೋಟದ ಬೆಳೆಗಾರರಿಗೆ ಅವಕಾಶ ಕೊಡುವ ಕಾನೂನನ್ನು ಸರ್ಕಾರ ತಂದ ಮೇಲಂತೂ, ನಿವೇಶನವಿಲ್ಲದ ಕೂಲಿಯವರ ಪಾಲೇನೆಂದು ಸದನದಲ್ಲಿ ಕೇಳಿದವರಾರು ಎಂಬುದು ಭಾಷಣಕ್ಕಿಂತ ಗಟ್ಟಿಯಾದ ಸಾಕ್ಷಿ.

2023ರಲ್ಲಿ ಮೋಟಮ್ಮನವರ ಮಗಳು ನಯನಾ ಮೋಟಮ್ಮ ಇದೇ ಕ್ಷೇತ್ರವನ್ನು ಗೆದ್ದದ್ದು 722 ಮತಗಳ ಅಂತರದಿಂದ. ಇಷ್ಟು ಸಣ್ಣ ಅಂತರದಲ್ಲಿ ಕೆಲವೇ ತೋಟಗಳ ಲೈನ್ ಮನೆಗಳು ಫಲಿತಾಂಶವನ್ನು ಬದಲಿಸಬಲ್ಲವು. ಆದ್ದರಿಂದ ಅಲ್ಲಿಯ ಸ್ಥಳೀಯ ಕಾರ್ಮಿಕರ ಮಾತಿಗೆ ಚುನಾವಣೆಯ ಹೊತ್ತಿಗಾದರೂ ಬೆಲೆಯಿದೆ. ಆದರೆ ಇಂದು ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬಂದು ಅದೇ ಲೈನ್ ಮನೆಗಳಲ್ಲಿ ಇರುವ ಅನೇಕರ ಹೆಸರು ಮೂಡಿಗೆರೆಯ ಮತದಾರರ ಪಟ್ಟಿಯಲ್ಲಿಲ್ಲ. ಅವರ ಮಕ್ಕಳ ಶಾಲೆ, ಆಸ್ಪತ್ರೆ, ಕೂಲಿಯ ದರ ಯಾವುದೂ ಇಲ್ಲಿಯ ಯಾವ ಅಭ್ಯರ್ಥಿಗೂ ಒಂದು ಮತವನ್ನೂ ತರುವುದಿಲ್ಲ. ಶೋಷಿತರ ಪರವೆಂದು ಮತ ಕೇಳುವವರು ಅವರಿಗಾಗಿ ಕಾರ್ಮಿಕ ಇಲಾಖೆಗೆ ಏನು ಬರೆದರು, ಸದನದಲ್ಲಿ ಏನು ಕೇಳಿದರು ಎಂಬುದನ್ನು ಪಟ್ಟಿಯಲ್ಲಿ ಹೆಸರಿರುವ ಮತದಾರರೇ ಅವರ ಪರವಾಗಿ ವಿಚಾರಿಸಬೇಕು.